ಕುಡಿದಿದ್ದಕ್ಕೆ ಸಾಕ್ಷಿ

ದವಡೆಗೆ ಕುಡಿಯುವ ಅಭ್ಯಾಸವಿರಲಿಲ್ಲ. ಅಭ್ಯಾಸವಿದ್ದವರು ಕುಡಿದ ಮೇಲೆ ಗಾಡಿಯನ್ನು ಅಲ್ಲೇ ಬಿಟ್ಟು ಬೇರೆಯವರ ಗಾಡಿ ಹತ್ತುತ್ತಾರೆ, ಇಲ್ಲವೇ ಪೊಲೀಸರು ನಿಲ್ಲದ ಸಂದಿಗಳನ್ನು ನೆನಪಿಟ್ಟುಕೊಂಡಿರುತ್ತಾರೆ. ಅವನಿಗೆ ಈ ವಿದ್ಯೆ ಯಾವುದೂ ಇರಲಿಲ್ಲ. ಅವನು ನೇರವಾಗಿ ದೊಡ್ಡ ರಸ್ತೆಯಲ್ಲೇ ಹೋದ.

ದವಡೆ ಎನ್ನುವುದು ಕೆಲಸದಿಂದ ಅಂಟಿಕೊಂಡ ಹೆಸರು. ಕಟ್ಟುಹಲ್ಲು ತಯಾರಿಸುವ ಲ್ಯಾಬೊಂದರಿಂದ ಹಲ್ಲಿನ ಸೆಟ್ಟುಗಳನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿ ಇಟ್ಟುಕೊಂಡು, ತನ್ನ ಸ್ವಂತ ಕಾರಿನಲ್ಲಿ ಊರಿನ ದಂತವೈದ್ಯರಿಗೆ ತಲುಪಿಸುವುದು ಅವನ ಉದ್ಯೋಗ. ಬರುವಾಗ ರೋಗಿಗಳ ಬಾಯಿಯ ಅಚ್ಚುಗಳನ್ನು ತರುತ್ತಿದ್ದ. ಊರಿನ ಮುದುಕರಲ್ಲಿ ಅರ್ಧದಷ್ಟು ಜನರ ನಗು ಒಂದಲ್ಲ ಒಂದು ದಿನ ಅವನ ಹಿಂದಿನ ಸೀಟಿನಲ್ಲಿ ಪ್ರಯಾಣ ಮಾಡಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದನ್ನು ಕೋರ್ಟಿನಲ್ಲಿ ಕೂಗಿದಾಗ, ಯಾರಪ್ಪಾ ಇವನು ಎಂದು ಅವನೂ ಎಲ್ಲರ ಜೊತೆ ಸುತ್ತ ನೋಡಿದ.

ಆದದ್ದಿಷ್ಟು. ಲ್ಯಾಬಿನಲ್ಲಿ ಅಚ್ಚಿಗೆ ಪ್ಲಾಸ್ಟರ್ ಹೊಯ್ಯುತ್ತಿದ್ದ ಹಿರಿಯರೊಬ್ಬರು ನಿವೃತ್ತರಾದರು. ಸಂಜೆ ಸಣ್ಣ ಪಾರ್ಟಿ. ಲ್ಯಾಬಿನ ಯಜಮಾನಿ, ಎಲ್ಲರೂ ಮೇಡಂ ಎನ್ನುವವರು, ತಾವೇ ಲೋಟಕ್ಕೆ ಸುರಿದುಕೊಟ್ಟರು. ಯಜಮಾನಿ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ ಎಂದು ದವಡೆ ಯೋಚಿಸುವಷ್ಟರಲ್ಲಿ ಲೋಟ ಖಾಲಿಯಾಗಿತ್ತು. ಎರಡನೆಯ ಲೋಟಕ್ಕೆ ಯೋಚನೆಯೂ ಬರಲಿಲ್ಲ. ಏಳು ಗಂಟೆಗೆ, ಮರುದಿನ ಕೊಡಬೇಕಾಗಿದ್ದ ಡಬ್ಬಿಗಳನ್ನು ಪಕ್ಕದ ಸೀಟಿನಲ್ಲಿ ಜೋಡಿಸಿಕೊಂಡು, ಬಹಳ ನಿಧಾನವಾಗಿ, ಬಹಳ ಗೌರವದಿಂದ ಗಾಡಿ ಓಡಿಸಿಕೊಂಡು ಹೊರಟ.

ದೊಡ್ಡ ರಸ್ತೆಯ ಬದಿಯಲ್ಲಿ ಪೊಲೀಸರ ಜೀಪೊಂದು ಹಿಂದಿನ ಕೆಂಪು ದೀಪ ಹಾಕಿಕೊಂಡು ನಿಂತಿತ್ತು. ದವಡೆ ಅದನ್ನು ಸಿಗ್ನಲ್ ಎಂದು ತಿಳಿದು ಅದರ ಹಿಂದೆ ನಿಲ್ಲಿಸಿದ. ಹಿಂದಿನ ಗಾಡಿಗಳು ಹಾರನ್ ಹೊಡೆದು ಬೈದು ಪಕ್ಕದಲ್ಲಿ ದಾಟಿಕೊಂಡು ಹೋದವು. ಕಾನೂನು ಮುರಿಯುವ ಜನರನ್ನು ಕಂಡು ಅವನಿಗೆ ಮರುಕವಾಯಿತು. ಸುಮಾರು ಹೊತ್ತಾದ ಮೇಲೆ ಜೀಪಿನಿಂದ ಟ್ರಾಫಿಕ್ ಪೊಲೀಸ್ ಒಬ್ಬ ಇಳಿದು ಬಂದು, ಏನು ಸಮಾಚಾರ ಎಂದು ಕೇಳಿದ.

“ಹಸಿರು ಬರ್ಲಿ ಸರ್, ಹೋಗ್ತೀನಿ” ಎಂದ ದವಡೆ.

ಪೊಲೀಸ್ ಜೇಬಿನಿಂದ ಊದುವ ಯಂತ್ರ ತೆಗೆದ. ಕೋರ್ಟು ದಂಡ ಹಾಕಿತು, ಲೈಸೆನ್ಸನ್ನು ಆರು ತಿಂಗಳು ಕಿತ್ತುಕೊಂಡಿತು. ಇಲ್ಲಿಗೆ ವಿಷಯ ಮುಗಿಯಬೇಕಾಗಿತ್ತು. ಆದರೆ ಅವನಿಗೊಬ್ಬ ಮಾವನಿದ್ದ.

ಮಾವ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಮೈಕಿನ ಮುಂದೆ ಕೂತು ಬಸ್ಸುಗಳ ಬರುವಿಕೆ, ಹೋಗುವಿಕೆ, ವಿಳಂಬ ಇವುಗಳನ್ನು ಸಾರಿ ನಿವೃತ್ತನಾದವನು. ಮೈಕನ್ನು ಇಲಾಖೆ ವಾಪಸ್ಸು ಪಡೆದುಕೊಂಡಿತ್ತು. ದನಿಯನ್ನು ಪಡೆದುಕೊಳ್ಳಲು ಮರೆತಿತ್ತು. ಅವನು ಯಾವುದನ್ನೂ ಹೇಳುತ್ತಿರಲಿಲ್ಲ, ಪ್ರಕಟಿಸುತ್ತಿದ್ದ. ಒಂದು ಸಲವಲ್ಲ, ಎರಡು ಸಲ. ನಲ್ಲಿಯಲ್ಲಿ ನೀರು ಬಂದರೆ ಮಹಡಿಯ ಕಟಾಂಜನದ ಬಳಿ ನಿಂತು, “ಬೀದಿಯವರ ಗಮನಕ್ಕೆ, ನೀರು ಬಂದಿದೆ. ಬೀದಿಯವರ ಗಮನಕ್ಕೆ...” ಎನ್ನುತ್ತಿದ್ದ. ಬೀದಿಯ ಕೊನೆಯ ಮನೆಯಲ್ಲಿ ಕೊಡಗಳ ಸದ್ದಾಗುತ್ತಿತ್ತು. ಮನೆ ಅವನದು. ಮೇಲೆ ಅವನು, ಕೆಳಗೆ ಮಗಳು ಮತ್ತು ಅಳಿಯ.

ಇಷ್ಟೇ ಆಗಿದ್ದರೂ ಸಹಿಸಬಹುದಿತ್ತು. ಮಾವ ಪಾನಮುಕ್ತ ಬೀದಿ ಸಂಘದ ಅಧ್ಯಕ್ಷನೂ ಆಗಿದ್ದ. ಅವನೂ ಸೇರಿ ಹದಿನಾಲ್ಕು ಜನ ಸದಸ್ಯರು ಪ್ರತಿ ಭಾನುವಾರ ಅವನ ಮಹಡಿಯ ಮೇಲೆ ಸೇರಿ, ಕುಡಿತದಿಂದ ಹಾಳಾದ ಬೇರೆ ಬೀದಿಯವರ ಬಗ್ಗೆ ಮಾತಾಡಿ, ನಿಂಬೆ ಪಾನಕ ಕುಡಿದು ಏಳುತ್ತಿದ್ದರು. ಮಗಳನ್ನು ಕೊಡುವಾಗ ಮಾವ ವರನ ಸಂಬಳ ಕೇಳಿರಲಿಲ್ಲ, ಬಾಯಿ ಮೂಸಿ ನೋಡಿದ್ದ.

ಕೋರ್ಟಿನಿಂದ ಬಂದ ದಿನ ಹೆಂಡತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾತಾಡಿದಳು. ಗಂಡನನ್ನು ಬೈಯುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡಿದರಾಯಿತು, ಈಗ ಅಪ್ಪನಿಗೆ ಏನು ಹೇಳುವುದು ಎನ್ನುವುದು ಅವಳ ಪ್ರಶ್ನೆ. ಕಾರು ಆರು ತಿಂಗಳು ಮನೆ ಮುಂದೆ ನಿಂತರೆ ಅಪ್ಪ ಕಾರಣ ಕೇಳದೆ ಇರುವುದಿಲ್ಲ. ಅವಳೇ ಕಾರಣ ಹುಡುಕಿದಳು.

“ಕಣ್ಣು ಸರಿ ಇಲ್ಲ, ಡಾಕ್ಟ್ರು ಗಾಡಿ ಓಡಿಸ್ಬೇಡಿ ಅಂದಿದಾರೆ ಅಂತ ಹೇಳಿ.”

“ಯಾವ ಕಣ್ಣು?”

“ಎರಡೂ. ಒಂದು ಅಂದ್ರೆ ನೀವು ಯಾವ್ದು ಅಂತ ಮರೀತೀರಿ.”

ಹೆಂಡತಿಗೆ ಗಂಡನ ಶಕ್ತಿ ಚೆನ್ನಾಗಿ ಗೊತ್ತಿತ್ತು. ದವಡೆ ಮೆಟ್ಟಿಲು ಹತ್ತಿ ಹೋಗಿ ಹೇಳಿದ. ಮಾವನಿಗೆ ಅಳಿಯನ ಮೇಲೆ ನಿಜವಾಗಿಯೂ ಪ್ರೀತಿಯಿತ್ತು. ಅವನು ನೇರವಾಗಿ ಕಟಾಂಜನದ ಬಳಿ ಹೋಗಿ ನಿಂತ. ಐದು ನಿಮಿಷದೊಳಗೆ ಬೀದಿಗೆಲ್ಲ ವಿಷಯ ಎರಡೆರಡು ಸಲ ತಿಳಿಯಿತು.

ಆಮೇಲಿನ ಆರು ತಿಂಗಳು ದವಡೆಯ ಜೀವನದಲ್ಲಿ ಅತ್ಯಂತ ಸುಖದ ದಿನಗಳಾಗಿದ್ದವು ಎಂದು ಹೇಳಲು ಸಂಕೋಚವಾಗುತ್ತದೆ, ಆದರೆ ಸತ್ಯ ಅದೇ. ಎದುರುಮನೆಯ ಟೈಲರ್ ಅಕ್ಕ, ಯಾರಿಗೂ ಒಂದು ಗುಂಡಿಯನ್ನು ಪುಕ್ಕಟೆ ಹೊಲಿದುಕೊಡದವಳು, ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ತೆಗೆದು ಬಂದು ಅವನ ಕೈ ಹಿಡಿದು ರಸ್ತೆ ದಾಟಿಸಿ ಬಸ್ಸಿಗೆ ಹತ್ತಿಸಿದಳು. ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿತು. ಕ್ಷೌರದಂಗಡಿಯವನು ಪೇಪರನ್ನು ಗಟ್ಟಿಯಾಗಿ ಓದಿ ಹೇಳಿದ, ಕ್ರೀಡೆಯ ಪುಟವನ್ನು ಎರಡು ಸಲ. ಬೀದಿಯ ಹುಡುಗರು ಅವನ ಮನೆಯ ಮೆಟ್ಟಿಲ ಅಂಚಿಗೆ ಬಿಳಿ ಬಣ್ಣ ಬಳಿದರು. ಮೊದಮೊದಲು ದವಡೆಗೆ ನಾಚಿಕೆಯಾಯಿತು. ಆಮೇಲೆ ಒಂದು ಕಪ್ಪು ಕನ್ನಡಕ ಕೊಂಡ.

ಕಪ್ಪು ಕನ್ನಡಕದ ಜೊತೆ ಅವನಿಗೆ ಸ್ವಲ್ಪ ಕಲೆಯೂ ಬಂತು. ಟೈಲರ್ ಅಕ್ಕನ ಅಂಗಡಿಯ ಬಾಗಿಲಲ್ಲಿ ಬಟ್ಟೆ ತೊಡಿಸಿದ ಗೊಂಬೆಯೊಂದು ನಿಂತಿರುತ್ತಿತ್ತು. ಒಂದು ದಿನ ದವಡೆ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಮೊದಲು ನೋಡಿಕೊಂಡು, ಅದಕ್ಕೆ ನಮಸ್ಕಾರ ಹೇಳಿ ಮನೆಯವರೆಲ್ಲ ಚೆನ್ನಾಗಿದ್ದಾರಾ ಎಂದು ವಿಚಾರಿಸಿದ. ಟೈಲರ್ ಅಕ್ಕ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ ಎಂದು ಆಮೇಲೆ ತಿಳಿಯಿತು.

ಲ್ಯಾಬಿನಲ್ಲಿ ಮಾತ್ರ ನಿಜ ಗೊತ್ತಿತ್ತು. ಲೋಟಕ್ಕೆ ಸುರಿದವರು ತಾವೇ ಆದ್ದರಿಂದ ಮೇಡಂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಹಲ್ಲಿಗೆ ಪಾಲಿಶ್ ಹಾಕಲು ಒಳಗೆ ಕೂರಿಸಿದರು. ಅವನ ಡಬ್ಬಿಗಳನ್ನು ಒಬ್ಬ ಬೈಕಿನವನು ಒಯ್ಯತೊಡಗಿದ. ಲೈಸೆನ್ಸ್ ವಾಪಸ್ಸು ಬಂದ ದಿನ ಮೇಡಂ ನೇರವಾಗಿ ಹೇಳಿದರು. ಪಾಲಿಶ್ ಹಾಕಲು ಇನ್ನು ಜನ ಬೇಡ. ಒಂದನೇ ತಾರೀಖಿಗೆ ಕಾರು, ಕಾರಿಗೆ ಇನ್ಶೂರೆನ್ಸ್ ಎರಡೂ ಇದ್ದರೆ ರೂಟು ಅವನದೇ. ಇಲ್ಲದಿದ್ದರೆ ಬೈಕಿನವನದು.

ಒಂದನೇ ತಾರೀಖಿಗೆ ಹತ್ತು ದಿನವಿತ್ತು. ಅಷ್ಟು ದಿನ ಬೇಕಾದೀತು ಎಂದು ದವಡೆ ಅಂದುಕೊಳ್ಳಲಿಲ್ಲ. ಹಳೆಯ ಇನ್ಶೂರೆನ್ಸ್ ಕಂಪನಿ ಅವನನ್ನು ಆಗಲೇ ಕೈಬಿಟ್ಟಿತ್ತು. ಎರಡನೆಯ ಕಂಪನಿಯ ಹುಡುಗಿ ಫೋನಿನಲ್ಲಿ ಕೋರ್ಟಿನ ವಿಷಯ ಬರುವವರೆಗೆ ಬಹಳ ಚೆನ್ನಾಗಿ ಮಾತಾಡಿ, ಆಮೇಲೆ ಸಂಗೀತ ಹಾಕಿ ಹೋದಳು. ಅವನು ಅರ್ಧ ಗಂಟೆ ಸಂಗೀತ ಕೇಳಿದ. ಮೂರನೆಯ ಕಡೆಯ ಏಜೆಂಟ್ ಅವನನ್ನು ಮೇಲಿಂದ ಕೆಳಗೆ ನೋಡಿ, ಒಂದು ಕೊಲೆ ಮಾಡಿದ್ದರೆ ಪರವಾಗಿಲ್ಲ, ಅದಕ್ಕೂ ಕಾರಿಗೂ ಸಂಬಂಧವಿರುವುದಿಲ್ಲ ಎಂದು ವಿವರಿಸಿದ. ಕೊನೆಗೆ ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿದ್ದ ಸಣ್ಣ ಕಂಪನಿಯೊಂದು ಒಪ್ಪಿತು. ಕುಡಿದು ಸಿಕ್ಕಿಬಿದ್ದವರಿಗೆ ಅವರ ಬಳಿ ಪ್ರತ್ಯೇಕ ದರವೇ ಇತ್ತು, ಹೆಚ್ಚುಕಡಿಮೆ ಎರಡೂವರೆ ಪಟ್ಟು. ದವಡೆ ಅಲ್ಲೇ ಕೈಮುಗಿದ. ಒಂದೇ ಒಂದು ನಿಯಮವಿತ್ತು: ಕಂಪನಿಯ ಇನ್‌ಸ್ಪೆಕ್ಟರ್ ಮನೆಯ ಹತ್ತಿರ ಬಂದು ಅಕ್ಕಪಕ್ಕದವರನ್ನು ವಿಚಾರಿಸುತ್ತಾನೆ.

ಇನ್‌ಸ್ಪೆಕ್ಟರ್ ತೆಳ್ಳಗಿನ ಮನುಷ್ಯ, ನಗುವುದಕ್ಕೂ ಮೇಲಿನವರ ಅನುಮತಿ ಬೇಕು ಎನ್ನುವಂಥ ಮುಖ. ದವಡೆ ಅವನನ್ನು ಪಕ್ಕಕ್ಕೆ ಕರೆದು ತನ್ನ ಕಷ್ಟ ಹೇಳಿಕೊಂಡ. ಬೀದಿಯಲ್ಲಿ ಯಾರಿಗೂ ಕುಡಿದ ವಿಷಯ ಗೊತ್ತಿಲ್ಲ, ಮಾವ ಇಂಥವನು, ಮನೆ ಮಾವನದು, ದಯವಿಟ್ಟು ಕುಡಿತದ ಮಾತೆತ್ತಬೇಡಿ. ಇನ್‌ಸ್ಪೆಕ್ಟರ್ ಯೋಚಿಸಿ, ಅದೇನು ದೊಡ್ಡ ವಿಷಯವಲ್ಲ, ಕುಡಿತದ ಹೆಸರೇ ಎತ್ತುವುದಿಲ್ಲ, ಕಂಪನಿಯ ಹೆಸರೂ ಹೇಳುವುದಿಲ್ಲ, ಈ ಮನುಷ್ಯ ಗಾಡಿ ಓಡಿಸಲು ಯೋಗ್ಯನೇ ಎಂದಷ್ಟೇ ಕೇಳುತ್ತೇನೆ ಎಂದ. ದವಡೆಗೆ ಹಗುರವಾಯಿತು. ಮಾತು ಕೊಟ್ಟಂತೆ ನಡೆದುಕೊಳ್ಳುವ ಅಧಿಕಾರಿಗಳು ಕಡಿಮೆ. ಅಂಥ ಒಬ್ಬ ಅವನಿಗೆ ಸಿಕ್ಕಿದ್ದೇ ಅನರ್ಥಕ್ಕೆ ಮೂಲವಾಯಿತು.

ಏಕೆಂದರೆ ಅದಕ್ಕೆ ಎರಡು ವಾರ ಮೊದಲೇ ಮಾವ, ಅಳಿಯನಿಗೆ ಗೊತ್ತಿಲ್ಲದ ಹಾಗೆ, ಕಣ್ಣಿಲ್ಲದವರಿಗೆ ಮಾಸಾಶನ ಕೊಡುವ ಕಚೇರಿಗೆ ಹೋಗಿ ಬಂದಿದ್ದ. ಅಳಿಯ ಬಹಳ ಅಭಿಮಾನಿ, ತಾನಾಗಿ ಕೇಳುವವನಲ್ಲ. ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾನೆ, ಎಲ್ಲರೂ ಅನುಕೂಲವಾಗುವಂತೆ ಮಾತಾಡಬೇಕು ಎಂದು ಸಂಘದ ಸಭೆಯಲ್ಲಿ ಪ್ರಕಟಿಸಿದ್ದ. ಒಂದು ಸಲ ಅಧ್ಯಕ್ಷನಾಗಿ, ಇನ್ನೊಂದು ಸಲ ಮಾವನಾಗಿ. ಆದ್ದರಿಂದ ಬಗಲಲ್ಲಿ ಕೈಚೀಲ ಇಟ್ಟುಕೊಂಡ ಅಪರಿಚಿತನೊಬ್ಬ ಬಂದು, ಎದುರುಮನೆಯವರು ಗಾಡಿ ಓಡಿಸಬಲ್ಲರೇ ಎಂದು ಕೇಳಿದಾಗ, ಬೀದಿ ಸಿದ್ಧವಾಗಿತ್ತು.

ಟೈಲರ್ ಅಕ್ಕ ಹೊಲಿಗೆಯಂತ್ರ ನಿಲ್ಲಿಸಿ, ಗಾಡಿಯ ಮಾತು ಹಾಗಿರಲಿ, ಆ ಮನುಷ್ಯ ರಸ್ತೆ ದಾಟಬಲ್ಲನೇ ಎಂದು ಮೊದಲು ಕೇಳಿ ಎಂದಳು. ಗೊಂಬೆಯ ಸಂಗತಿ ಹೇಳಿದಳು. ಗೊಂಬೆಯನ್ನು ತೋರಿಸಿದಳು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಮಾಸಾಶನ ಹೆಚ್ಚಲಿ ಎಂದು, ಅವನು ಗೊಂಬೆಯ ಜೊತೆ ದಿನಾ ಕಾಲು ಗಂಟೆ ಮಾತಾಡುತ್ತಾನೆ ಎಂದೂ ಸೇರಿಸಿದಳು. ಕ್ಷೌರದಂಗಡಿಯವನು ತನ್ನ ಪಾಲಿಗೆ, ದವಡೆ ಹೋದ ತಿಂಗಳು ಕನ್ನಡಿಯಲ್ಲಿ ತನ್ನನ್ನೇ ನೋಡಿ ಸರದಿ ಯಾರದು ಎಂದು ಕೇಳಿದನೆಂದು ಸೃಷ್ಟಿಸಿದ. ಪಕ್ಕದ ಮನೆಯ ನಿವೃತ್ತ ಮೇಷ್ಟರು ಸುಳ್ಳು ಹೇಳುವವರಲ್ಲ. ಅವರು ಕಣ್ಣು ಒರೆಸಿಕೊಂಡು ಸುಮ್ಮನೆ ನಿಂತರು. ಇನ್‌ಸ್ಪೆಕ್ಟರಿಗೆ ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಅದು.

ಮೂರು ಮನೆ ಮುಗಿಸಿ ಅವನು ದವಡೆಯ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ದವಡೆ ನಗುತ್ತಾ, ಎಲ್ಲರೂ ಒಳ್ಳೆಯ ಮಾತೇ ಹೇಳಿರಬೇಕಲ್ಲ ಎಂದು ಕೇಳಿದ.

“ಬಹಳ ಒಳ್ಳೇ ಮಾತು ಹೇಳಿದ್ರು. ಕುಡಿದು ಓಡಿಸಿದವರಿಗೆ ನಮ್ಮಲ್ಲಿ ದರ ಇದೆ ಸ್ವಾಮಿ. ಕಣ್ಣು ಕಾಣದವರಿಗೆ ದರ ಇಲ್ಲ.”

ದವಡೆಗೆ ವಿಷಯ ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಕೂಡಲೇ ಎದ್ದು, ಗೋಡೆಯ ಕ್ಯಾಲೆಂಡರಿನಲ್ಲಿ ಸಣ್ಣಕ್ಷರದಲ್ಲಿದ್ದ ಮುದ್ರಣಾಲಯದ ವಿಳಾಸವನ್ನು ದೂರದಿಂದ ಓದಿದ. ಇನ್‌ಸ್ಪೆಕ್ಟರನ ಅಂಗಿಯ ಮೂರನೆಯ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು ಎಂದು ಹೇಳಿದ. ಇನ್‌ಸ್ಪೆಕ್ಟರ್ ಗುಂಡಿ ನೋಡಿಕೊಂಡ, ಸ್ವಲ್ಪ ನಂಬಿದ. ಅದೇ ಹೊತ್ತಿಗೆ ಮಾವ ಇಳಿದು ಬಂದ. ಅಧಿಕಾರಿ ಬಂದಿದ್ದಾನೆಂದು ಅವನಿಗೆ ಸುದ್ದಿ ಮುಟ್ಟಿತ್ತು. ನಿಂತಿದ್ದ ಅಳಿಯನ ಎರಡೂ ಭುಜ ಹಿಡಿದು, “ಕುರ್ಚಿ ನಿಮ್ಮ ಹಿಂದೆ ಇದೆ ಅಳಿಯಂದಿರೇ, ಕುರ್ಚಿ ನಿಮ್ಮ ಹಿಂದೆ ಇದೆ” ಎಂದು ಮೆಲ್ಲಗೆ ಕೂರಿಸಿ, ಅಧಿಕಾರಿಗೆ ಕೈಮುಗಿದು ಹೋದ.

ಇನ್‌ಸ್ಪೆಕ್ಟರ್ ನಂಬಿದ್ದನ್ನು ವಾಪಸ್ಸು ತೆಗೆದುಕೊಂಡ. ಪೊಲೀಸರ ವರದಿಯನ್ನೂ ಇನ್ನೊಂದು ಸಲ ಓದಿದ್ದೇನೆ ಎಂದ. ನಿಂತ ಜೀಪಿನ ದೀಪವನ್ನು ಸಿಗ್ನಲ್ ಎಂದು ತಿಳಿದು ಕಾದದ್ದು. ಕುಡಿದವನೂ ಹಾಗೆ ಮಾಡಬಹುದು, ಕಣ್ಣು ಕಾಣದವನೂ ಮಾಡಬಹುದು. ಯಾವುದು ಎಂದು ಕಂಪನಿಗೆ ಖಚಿತವಾಗಿ ಗೊತ್ತಾಗಬೇಕು.

ಕಣ್ಣಿನ ಡಾಕ್ಟರಿಂದ ಸರ್ಟಿಫಿಕೇಟ್ ತರುತ್ತೇನೆ ಎಂದ ದವಡೆ. ತನ್ನಿ, ಅದೂ ಬೇಕು, ಆದರೆ ಅದೊಂದೇ ಸಾಲದು ಎಂದ ಇನ್‌ಸ್ಪೆಕ್ಟರ್. ಡಾಕ್ಟರ್ ನೋಡುವುದು ಹತ್ತು ನಿಮಿಷ, ಅಕ್ಕಪಕ್ಕದವರು ದಿನವಿಡೀ ನೋಡುತ್ತಾರೆ. ಇಬ್ಬರ ಮಾತೂ ಹೊಂದದಿದ್ದರೆ ಕಂಪನಿ ಅಕ್ಕಪಕ್ಕದವರನ್ನೇ ನಂಬುತ್ತದೆ, ಇದು ಬಹಳ ನಷ್ಟ ಅನುಭವಿಸಿ ಮಾಡಿದ ನಿಯಮ. ಆ ಮೂವರು ತಮ್ಮ ಮಾತನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳಬೇಕು, ತನ್ನ ಎದುರಿಗೆ.

ಡಾಕ್ಟರ್ ಮರುದಿನವೇ ಸರ್ಟಿಫಿಕೇಟ್ ಕೊಟ್ಟರು. ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ ಎಂದು ಬಾಯಲ್ಲೂ ಹೇಳಿದರು. ಉಳಿದದ್ದು ಬೀದಿ. ದವಡೆ ಆ ರಾತ್ರಿ ಹೆಂಡತಿಯ ಜೊತೆ ಚರ್ಚಿಸಿದ. ಅವಳ ಲೆಕ್ಕ ಸರಳವಾಗಿತ್ತು. ಸತ್ಯ ಹೇಳಿದರೆ ಅಪ್ಪ ಸಿಟ್ಟಾಗುತ್ತಾನೆ, ಹೇಳದಿದ್ದರೆ ಒಂದನೇ ತಾರೀಖಿನಿಂದ ಅನ್ನವಿಲ್ಲ. ಅಪ್ಪನ ಸಿಟ್ಟು ಇಳಿಯಬಹುದು.

ಭಾನುವಾರ ಸಂಘದ ಸಭೆಯಲ್ಲಿ ಬೇಕಾದವರೆಲ್ಲ ಒಂದೇ ಕಡೆ ಸಿಗುತ್ತಾರೆಂದು ಇನ್‌ಸ್ಪೆಕ್ಟರನ್ನು ಮಹಡಿಗೇ ಕರೆಸಲಾಯಿತು. ಸದಸ್ಯರು ಚಾಪೆಯ ಮೇಲೆ, ಇನ್‌ಸ್ಪೆಕ್ಟರ್ ಇದ್ದ ಒಂದೇ ಕುರ್ಚಿಯ ಮೇಲೆ. ಮಾಸಾಶನ ಮಂಜೂರಾಗಿರಬೇಕೆಂದು ಎಲ್ಲರ ಮುಖದಲ್ಲಿ ಸಂತೋಷವಿತ್ತು. ದವಡೆ ಕಪ್ಪು ಕನ್ನಡಕ ತೆಗೆದು ಎದ್ದು ನಿಂತ. ಇವರು ಮಾಸಾಶನದವರಲ್ಲ, ಕಾರಿನ ಇನ್ಶೂರೆನ್ಸಿನವರು ಎಂದ. ತನ್ನ ಕಣ್ಣಿಗೆ ಏನೂ ಆಗಿಲ್ಲ ಎಂದ.

“ನಾನು ಕುಡಿದು ಗಾಡಿ ಓಡಿಸಿದ್ದೆ. ಅದಕ್ಕೆ ಲೈಸೆನ್ಸ್ ಕಿತ್ಕೊಂಡಿದ್ರು. ಕಣ್ಣಿನ ವಿಷಯ ಸುಳ್ಳು.”

ಟೈಲರ್ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅಯ್ಯೋ ಪಾಪ. ಕೆಲ್ಸ ಹೋಗತ್ತೆ ಅಂತ ಹೀಗೆಲ್ಲ ಹೇಳ್ತಿದಾರೆ.”

ಒಬ್ಬರೂ ನಂಬಲಿಲ್ಲ. ಮೇಷ್ಟರು, ಮನುಷ್ಯನನ್ನು ಹೊಟ್ಟೆಪಾಡು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ ಎಂದರು. ಕ್ಷೌರದಂಗಡಿಯವನು, ಕುಡುಕರ ಗಡ್ಡ ಹೇಗಿರುತ್ತದೆಂದು ತನಗೆ ಗೊತ್ತು, ಇದು ಅಂಥ ಗಡ್ಡವಲ್ಲ ಎಂದ. ದವಡೆ ಡಾಕ್ಟರ ಸರ್ಟಿಫಿಕೇಟ್ ತೋರಿಸಿದ. ಪುಣ್ಯಾತ್ಮ ಡಾಕ್ಟರ್, ಬಡವರ ಕಷ್ಟ ಅರಿತು ಬರೆದುಕೊಟ್ಟಿದ್ದಾನೆ ಎಂದರು. ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲಿನ ಬಣ್ಣ ಹೇಳಿದ. ಸದ್ದಿನಲ್ಲೇ ಬಣ್ಣ ಕಂಡುಹಿಡಿಯುವ ಮಟ್ಟಕ್ಕೆ ಬಂದಿದ್ದಾನೆಂದು ಆಶ್ಚರ್ಯಪಟ್ಟರು. ಟೈಲರ್ ಅಕ್ಕನ ಚೀಲದಿಂದ ಸೂಜಿ ತೆಗೆದು ಒಂದೇ ಸಲಕ್ಕೆ ದಾರ ಪೋಣಿಸಿದ. ಕಣ್ಣು ಹೋದವರಿಗೆ ಬೆರಳಲ್ಲಿ ಕಣ್ಣು ಬರುತ್ತದೆ ಎಂದು ಯಾರೋ ಅಂದರು. ಅವನು ಹೆಚ್ಚು ನೋಡಿದಷ್ಟೂ ಅವರ ಕಣ್ಣಿಗೆ ಅವನು ಹೆಚ್ಚು ಕುರುಡನಾಗುತ್ತ ಹೋದ.

ಮಾವ ಎದ್ದು ಅಳಿಯನ ಬೆನ್ನ ಮೇಲೆ ಕೈಯಿಟ್ಟ.

“ಸದಸ್ಯರ ಗಮನಕ್ಕೆ. ನನ್ನ ಅಳಿಯ ಕೆಮ್ಮಿನ ಔಷಧಿ ಕುಡಿದ್ರೂ ತೂಕಡಿಸ್ತಾರೆ. ಮಾಡದ ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದಾರೆ, ಹೆಂಡ್ತಿಗೋಸ್ಕರ. ಸದಸ್ಯರ ಗಮನಕ್ಕೆ...”

ಎರಡನೆಯ ಸಲ ಮುಗಿಯುವ ಮೊದಲೇ ಚಪ್ಪಾಳೆ ಬಿತ್ತು. ಇನ್‌ಸ್ಪೆಕ್ಟರ್ ಕೈಚೀಲ ಎತ್ತಿಕೊಂಡು ಎದ್ದ. ದವಡೆ ಅವನ ಕೈ ಹಿಡಿದು, ಹತ್ತು ನಿಮಿಷ ಇರಿ ಸರ್, ಹತ್ತೇ ನಿಮಿಷ ಎಂದು ಬೇಡಿಕೊಂಡು ಮೆಟ್ಟಿಲು ಇಳಿದು ಓಡಿದ. ಹಿಡ್ಕೊಳ್ಳಿ, ಬೀಳ್ತಾರೆ ಎಂದು ಇಬ್ಬರು ಹಿಂದೆ ಓಡಿದರು. ಅವರಲ್ಲೊಬ್ಬ ಬಿದ್ದ.

ಬೀದಿಯ ಕೊನೆಯಲ್ಲಿ ನಾಲ್ಕು ರಸ್ತೆ ಸೇರುವಲ್ಲಿ, ಅವನನ್ನು ಹಿಡಿದಿದ್ದ ಟ್ರಾಫಿಕ್ ಪೊಲೀಸ್ ನೆರಳಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದ. ವರ್ಷವಿಡೀ ನೆಗಡಿ ಇರುವ ಯುವಕ. ದವಡೆಯನ್ನು ನೋಡಿದ ಕೂಡಲೇ ಗುರುತು ಹಿಡಿದು, ಏನು ಸರ್, ಹಸಿರು ಬಂತಾ ಎಂದ. ನೀವು ಬಂದು ನಾನು ಕುಡಿದಿದ್ದೆ ಎಂದು ನಾಲ್ಕು ಜನರ ಮುಂದೆ ಹೇಳಬೇಕು ಎಂದ ದವಡೆ. ಕುಡಿದಿರಲಿಲ್ಲ ಎಂದು ಹೇಳಿಸಲು ಜನ ಅವನ ಕಾಲು ಹಿಡಿದದ್ದುಂಟು. ಇಂಥ ಕೋರಿಕೆ ಮೊದಲ ಸಲ. ಅವನಿಗೆ ಹೆಮ್ಮೆಯಾಗಿರಬೇಕು. ಟೋಪಿ ಸರಿಮಾಡಿಕೊಂಡು ಬಂದ.

ಮಹಡಿಯ ಮೇಲೆ ಸಮವಸ್ತ್ರ ಕಂಡು ಸದಸ್ಯರೆಲ್ಲ ನೆಟ್ಟಗೆ ಕೂತರು. ಪೊಲೀಸ್ ಸಾಕ್ಷಿ ಹೇಳುವ ರೀತಿಯಲ್ಲಿ ಎದೆಯುಬ್ಬಿಸಿ ಶುರುಮಾಡಿದ. ದಿನಾಂಕ ಹೇಳಿದ, ಜಾಗ ಹೇಳಿದ, ಯಂತ್ರ ತೋರಿಸಿದ ಅಂಕಿ ಹೇಳಿದ. ಅಷ್ಟೇ ಸಾಕಾಗಿತ್ತು. ಆದರೆ ಕೇಳುಗರು ಬಾಯಿ ತೆರೆದು ಕೂತಿದ್ದರು, ಅವನಿಗೂ ಇಂಥ ಸಭೆ ದಿನಾ ಸಿಗುವುದಿಲ್ಲ.

ಇಷ್ಟು ಮರ್ಯಾದೆಯಿಂದ ಕುಡಿದವರನ್ನು ತಾನು ಸರ್ವೀಸಿನಲ್ಲೇ ನೋಡಿಲ್ಲ ಎಂದ. ಇವರು ಯಂತ್ರಕ್ಕೆ ಊದುವ ಮೊದಲು ಅದಕ್ಕೆ ನಮಸ್ಕಾರ ಮಾಡಿದರು. ಪಕ್ಕದ ಸೀಟಿನಲ್ಲಿದ್ದ ಡಬ್ಬಿ ತೆಗೆದು, ಇವರು ಮೇಲಿನ ದವಡೆ, ಇವರು ಕೆಳಗಿನ ದವಡೆ, ನಾಳೆ ಇಬ್ಬರಿಗೂ ಮದುವೆ ಎಂದು ಪರಿಚಯಿಸಿದರು. ಸದಸ್ಯರು ನಕ್ಕರು. ನಗುತ್ತ ನಗುತ್ತ ನಂಬತೊಡಗಿದರು. ಇಂಥದ್ದನ್ನು ಯಾರೂ ಕಟ್ಟಿ ಹೇಳಲಾರರು. ದವಡೆಯೂ ನಕ್ಕ. ಇದ್ಯಾವುದೂ ಅವನಿಗೆ ನೆನಪಿರಲಿಲ್ಲ. ಮುಂದಿನದೂ ನೆನಪಿರಲಿಲ್ಲ, ಇದ್ದಿದ್ದರೆ ಪೊಲೀಸನನ್ನು ಅಲ್ಲಿಗೇ ತಡೆಯುತ್ತಿದ್ದ.

“ಆಮೇಲೆ ಮನೆಗೆ ಬಿಡ್ತೀವಿ ನಡೀರಿ ಅಂದ್ರೆ ಬರಲ್ಲ ಅಂದ್ರು. ನಮ್ಮನೆ ಮಹಡಿ ಮೇಲೆ ಒಂದು ಬಸ್ ಸ್ಟ್ಯಾಂಡ್ ಇದೆ ಸರ್, ಬಸ್ ಒಂದೂ ಬರಲ್ಲ, ಅನೌನ್ಸ್‌ಮೆಂಟ್ ಮಾತ್ರ ನಿಲ್ಲಲ್ಲ ಅಂದ್ರು. ಹನ್ನೊಂದು ವರ್ಷದಿಂದ ಕೇಳ್ತಿದೀನಿ, ಇವತ್ತೊಂದು ದಿನ ಲಾಕಪ್ಪಲ್ಲಿ ಇರಿಸ್ಕೊಳ್ಳಿ, ಸದ್ದಿಲ್ದೆ ಮಲಗ್ತೀನಿ ಅಂತ ಅತ್ತುಬಿಟ್ರು.”

ಈ ಸಲ ಯಾರೂ ನಗಲಿಲ್ಲ. ಪೊಲೀಸ್ ಒಬ್ಬನೇ ಸ್ವಲ್ಪ ಹೊತ್ತು ನಕ್ಕು, ಸುತ್ತ ನೋಡಿ, ಸೀನಿ, ಸುಮ್ಮನಾದ. ಎಲ್ಲರೂ ಮಾವನನ್ನು ನೋಡುವುದನ್ನು ತಪ್ಪಿಸಲು ಚಾಪೆಯನ್ನು ನೋಡಿದರು.

ಬಾಗಿಲ ಬಳಿ ನಿಂತಿದ್ದ ಹೆಂಡತಿ ಮುಂದೆ ಬಂದಳು.

“ಕಣ್ಣಿನ ಸುಳ್ಳು ನಾನು ಹೇಳ್ಕೊಟ್ಟಿದ್ದು ಅಪ್ಪ. ಅವ್ರದಲ್ಲ.”

ಮಾವ ಬಾಯಿ ತೆರೆದ. ಮೂವತ್ತು ವರ್ಷ ಮೈಕಿನ ಮುಂದೆ ಬಸ್ಸು ಕೆಟ್ಟರೂ, ಗಲಾಟೆಯಾದರೂ ಅವನಿಗೆ ಮಾತು ತಪ್ಪಿರಲಿಲ್ಲ. ಈಗ ತೆರೆದ ಬಾಯನ್ನು ಹಾಗೇ ಮುಚ್ಚಿ, ಪಾನಕದ ಪಾತ್ರೆಯ ಮುಚ್ಚಳ ಸರಿಮಾಡಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಇನ್‌ಸ್ಪೆಕ್ಟರ್ ಮಾತ್ರ ಬಹಳ ತೃಪ್ತಿಯಲ್ಲಿದ್ದ. ಮೂವರನ್ನೂ ಕರೆದು ಕೇಳಿದ. ಮೇಷ್ಟರು, ಅವನು ಕುಡಿದೇ ಇದ್ದ ಎಂದರು. ಕ್ಷೌರದಂಗಡಿಯವನು, ಈಗ ನೋಡಿದರೆ ಗಡ್ಡದಲ್ಲೂ ಗೊತ್ತಾಗುತ್ತದೆ ಎಂದ. ಟೈಲರ್ ಅಕ್ಕ ಹೌದು ಎಂದು ತಲೆಯಾಡಿಸಿ, ದವಡೆಯ ಕಡೆ ತಿರುಗಿದಳು.

“ಆರು ತಿಂಗಳು ಕೈ ಹಿಡಿದು ರಸ್ತೆ ದಾಟಿಸಿದೀನಿ. ಒಂದು ದಿನನಾದ್ರೂ ಬಿಡಿಸ್ಕೊಂಡ್ರಾ?”

ದವಡೆ ದಾರ ಪೋಣಿಸಿ ಅಂಗಿಗೆ ಚುಚ್ಚಿಕೊಂಡಿದ್ದ ಸೂಜಿಯನ್ನು ಅವಳು ಕಿತ್ತುಕೊಂಡು, ದಾರವನ್ನು ಎಳೆದು ಬಿಸಾಡಿ, ಇಳಿದು ಹೋದಳು.

“ಈಗ ಸರಿಯಾಯ್ತು,” ಎಂದ ಇನ್‌ಸ್ಪೆಕ್ಟರ್. “ನೀವು ಕುಡಿದೇ ಇದ್ರಿ. ಅಭಿನಂದನೆಗಳು.” ಆ ದಿನ ದವಡೆಯ ಕೈ ಕುಲುಕಿದವನು ಅವನೊಬ್ಬನೇ.

ಇನ್ಶೂರೆನ್ಸ್ ಮೂವತ್ತನೇ ತಾರೀಖು ಸಿಕ್ಕಿತು. ಒಂದನೇ ತಾರೀಖು ದವಡೆ ಕಾರು ತೊಳೆದು ಲ್ಯಾಬಿಗೆ ಹೋದ. ಮೇಡಂ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ ಡಬ್ಬಿಗಳನ್ನು ಕೊಟ್ಟರು. ಜನ ಬೇಡ ಎಂದಿದ್ದ ಪಾಲಿಶ್ ಕೆಲಸಕ್ಕೇ ಬೈಕಿನವನನ್ನು ಕೂರಿಸಿದರು. ರೂಟು ಉಳಿಯಿತು.

ಮಾವ ಬೈಯಲಿಲ್ಲ, ಕೂಗಾಡಲಿಲ್ಲ, ಮನೆ ಬಿಡಿ ಎಂದೂ ಹೇಳಲಿಲ್ಲ. ಯಾರಿಗೂ ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಗೇಟಿಗೆ ‘ಕೆಳಗಿನ ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ನೇತಾಡುತ್ತಿತ್ತು; ಮಗಳಿಗೂ ಅಳಿಯನಿಗೂ ವಿಷಯ ತಿಳಿದದ್ದು ಹಾಗೆ. ಮಗಳು ಮೇಲೆ ಹೋಗಿ ಬಾಗಿಲು ತಟ್ಟಿ, ಒಳಗಿನ ಸ್ಟೂಲ್ ಸರಿದ ಸದ್ದು ಕೇಳಿ, ಕಾದು ನಿಂತು, ಇಳಿದು ಬಂದಳು. ಬೀದಿಯಲ್ಲಿ ನೀರು ಬಂದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಕೊನೆಯ ಮನೆಯವರು ಖಾಲಿ ಕೊಡ ಹಿಡಿದು ಬಂದು ಮಹಡಿಯ ಕಡೆ ನೋಡಿ, ಆಮೇಲೆ ದವಡೆಯ ಕಡೆ ನೋಡಿ, ಏನೋ ಗೊಣಗಿಕೊಂಡು ಹೋದರು. ಕುಡಿದಿದ್ದನ್ನಾದರೂ ಬೀದಿ ಕ್ಷಮಿಸುತ್ತಿತ್ತೇನೋ, ನೀರು ತಪ್ಪಿದ್ದನ್ನು ಕ್ಷಮಿಸಲಿಲ್ಲ.

ಸಾಮಾನು ಕಟ್ಟುತ್ತಿದ್ದ ವಾರದಲ್ಲಿ ಸಂಘದ ಸದಸ್ಯರೊಬ್ಬರು ಹಿಂಬಾಗಿಲಿನಿಂದ ಬಂದರು. ಹವಾಮಾನದ ಬಗ್ಗೆ ಸ್ವಲ್ಪ ಮಾತಾಡಿ, ತಮ್ಮ ಸ್ನೇಹಿತರೊಬ್ಬರಿಗೆ ಬೇಕಾಗಿದೆ, ಆ ಇನ್ಶೂರೆನ್ಸ್ ಕಂಪನಿ ಎಲ್ಲಿದೆ ಎಂದು ಕೇಳಿದರು. ದವಡೆ ಹೇಳಿದ, ಔಷಧಿ ಅಂಗಡಿಯ ಮೇಲೆ. ಮರುದಿನ ಇನ್ನೊಬ್ಬರು ಬಂದರು. ಅವರಿಗೂ ಒಬ್ಬ ಸ್ನೇಹಿತರಿದ್ದರು. ಮೂರನೆಯವನು ಕ್ಷೌರದಂಗಡಿಯವನು. ಅವನು ಸ್ನೇಹಿತನನ್ನು ಹುಟ್ಟಿಸುವ ಗೋಜಿಗೆ ಹೋಗಲಿಲ್ಲ. ಅಂಗಡಿಯ ಹಿಂದೆ ಒಂದು ವರ್ಷದಿಂದ ಟಾರ್ಪಾಲು ಹೊದ್ದುಕೊಂಡು ನಿಂತ ಸ್ಕೂಟರಿನ ವಿಷಯ ಹೇಳಿ, ಸ್ಕೂಟರಿಗೂ ಮಾಡುತ್ತಾರಾ ಎಂದು ಕೇಳಿದ. ಮಾಡುತ್ತಾರೆ, ಆದರೆ ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ ಎಂದ ದವಡೆ. ಕ್ಷೌರದಂಗಡಿಯವನು, ಹಾಗಿದ್ದರೆ ಸಂಘಕ್ಕೆ ಮೊದಲೇ ರಾಜೀನಾಮೆ ಕೊಟ್ಟುಬಿಡುವುದು ಮರ್ಯಾದೆ ಎಂದ. ಉಳಿದಿಬ್ಬರೂ ಹಾಗೇ ಮಾಡಿದರು. ಅಧ್ಯಕ್ಷನೇ ಬಾಗಿಲು ತೆರೆಯದ ಮೇಲೆ ಮಿಕ್ಕವರು ಭಾನುವಾರ ಮೆಟ್ಟಿಲವರೆಗೆ ಬಂದು ಹಿಂದಿರುಗಿದರು. ಮುಂದಿನ ಭಾನುವಾರ ಬರಲಿಲ್ಲ.

ಹೋದದ್ದು ಇಷ್ಟು: ಎರಡು ಕೋಣೆ ಒಂದು ಅಡುಗೆಮನೆ, ಅಧ್ಯಕ್ಷನನ್ನು ಬಿಟ್ಟು ಸಂಘದ ಸದಸ್ಯರು ಹದಿಮೂರು, ಎದುರುಮನೆಯ ಅಕ್ಕ ಒಬ್ಬಳು, ಮಾವನ ಮಾತು, ಪೂರ್ತಿ.